ನಗು ಇರುವ ಕ್ಯಾಸೆಟ್ಟು

ಕ್ಯಾಸೆಟ್ಟು ಮುಗಿಯುವ ತುಸು ಮುಂಚೆ, ಒರಟು ಬಟ್ಟೆಯನ್ನು ಕಲ್ಲಿಗೆ ಉಜ್ಜಿದಂಥ ಒಂದು ಸಪ್ಪಳ ಬರುತ್ತದೆ. ಅದರ ಬೆನ್ನಿಗೇ ಒಂದು ಹೆಣ್ಣುದನಿ ನಗುತ್ತದೆ. ಸಣ್ಣಗೆ ಶುರುವಾಗಿ, ತಡೆದುಕೊಂಡು, ತಡೆಯಲಾಗದೆ, ಕಡೆಗೆ ಮೂಗಿನಿಂದ ವಿಚಿತ್ರವಾದ ಸದ್ದೊಂದನ್ನು ಹೊರಡಿಸಿ ನಿಲ್ಲುತ್ತದೆ. ಮೊದಲನೆಯದು ನಮ್ಮ ಕರುವಿನ ನಾಲಿಗೆ. ಎರಡನೆಯದು ನಾನು.

ನಾನು ಜೋರಾಗಿ ನಗುವವಳಲ್ಲ. ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ನಗು ಬಂದರೆ ಪುಸ್ತಕವನ್ನು ಮುಖದ ಮಟ್ಟಕ್ಕೆ ಎತ್ತುತ್ತಿದ್ದೆ. ಗೆಳತಿಯರು ನಾನು ಬಹಳ ಓದುತ್ತೇನೆಂದು ತಿಳಿದಿದ್ದರು. ಈಗ ಮೊರಬದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅಲ್ಲಿ ಪುಸ್ತಕ ಎತ್ತುವ ಪ್ರಸಂಗವೇ ಬರುವುದಿಲ್ಲ. ನಗುವನ್ನು ನಾನು ಒಳಕೋಣೆಯ ಸಾಮಾನಿನಂತೆ ಇಟ್ಟುಕೊಂಡವಳು, ಬಂದವರಿಗೆಲ್ಲ ತೋರಿಸುವುದಿಲ್ಲ.

ಟೀವಿಯಲ್ಲಿ ಕೆಲವು ವಾರ ಹಿಂದಿಯ ಒಂದು ಹಾಸ್ಯ ಕಾರ್ಯಕ್ರಮ ಬರುತ್ತಿತ್ತು. ಕೋಟು ತೊಟ್ಟ ಇಬ್ಬರು ಎಲ್ಲಿಯೂ ಇಲ್ಲದ ಊರೊಂದರ ವಾರ್ತೆ ಓದುತ್ತಿದ್ದರು. ಆ ಊರಿನ ಮಂತ್ರಿ, ಕಟ್ಟಿಯೇ ಇರದ ಸೇತುವೆಯನ್ನು ಉದ್ಘಾಟಿಸಿ ಅದರ ಮೇಲೆ ನಡೆಯಹೋಗಿ ಹೊಳೆಗೆ ಬಿದ್ದ. ತನಿಖೆ ನಡೆದು ಹೊಳೆಯನ್ನು ಅಮಾನತಿನಲ್ಲಿಟ್ಟರು. ಹೀಗೆ ದೊಡ್ಡವರು ಸಣ್ಣವರು ಯಾರಿಗೂ ಮರ್ಯಾದೆ ಕೊಡದ ಆ ಕಾರ್ಯಕ್ರಮ ಒಂದು ದಿನ ಹೇಳದೆ ಕೇಳದೆ ನಿಂತುಹೋಯಿತು. ನೋಡಿದವರು ಕಡಿಮೆ, ಆದರೆ ನೋಡಿದವರು ಅದನ್ನು ಬಿಡಲೊಲ್ಲರು. ಟೇಪ್‌ರೆಕಾರ್ಡರನ್ನು ಟೀವಿಯ ಮುಂದೆ ಹಿಡಿದು ದನಿಯನ್ನಷ್ಟೇ ತುಂಬಿಕೊಂಡಿದ್ದರು. ಅಂಗಡಿಯ ಭಜನೆ ಕ್ಯಾಸೆಟ್ಟಿನ ಹಿಂಬದಿಯಲ್ಲಿ ಎರಡು ತೂತುಗಳಿರುತ್ತವೆ. ಅವನ್ನು ಮುಚ್ಚಿದರೆ ಮಾತ್ರ ಅದರ ಮೇಲೆ ಬೇರೇನಾದರೂ ತುಂಬಲು ಬರುತ್ತದೆ. ನಮ್ಮ ಕಾಕಾ ಗಾಯಕ್ಕೆ ಹಚ್ಚುವ ಪಟ್ಟಿಯನ್ನೇ ಅಂಟಿಸಿದ್ದರು.

ಹೀಗೆ ಭಜನೆಯ ಹೆಸರು ಹೊತ್ತ ಕ್ಯಾಸೆಟ್ಟುಗಳು ಕಂಡಕ್ಟರುಗಳ ಕೈಯಲ್ಲಿ ಹುಬ್ಬಳ್ಳಿಗೆ ಹೋಗಿ, ಬಸ್ಸು ಬದಲಿಸಿ, ಮಿಶ್ರಿಕೋಟಿ, ದೇವಿಕೊಪ್ಪ ಮುಟ್ಟುತ್ತಿದ್ದವು. ಅಲ್ಲಿಂದ ಬೇರೆ ಬರುತ್ತಿದ್ದವು. ಒಂದರಲ್ಲಿ ಹಿಂದೆಲ್ಲೋ ರೊಟ್ಟಿ ಬಡಿಯುವ ಸದ್ದು, ಇನ್ನೊಂದರಲ್ಲಿ ತೊಟ್ಟಿಲ ಕಿರ್ ಕಿರ್. ಕಣ್ಣು ಮುಚ್ಚಿ ಕೇಳಿದರೆ ನಾನೆಂದೂ ನೋಡದ ಮನೆಗಳ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಂತಾಗುತ್ತಿತ್ತು. ಅವರೂ ಹೀಗೆಯೇ ನಮ್ಮ ಪಡಸಾಲೆಯಲ್ಲಿ ಕೂತಿರಬಹುದೆಂದು ಮಾತ್ರ ನನಗೆ ಹೊಳೆದಿರಲಿಲ್ಲ.

ನಮ್ಮಲ್ಲಿ ತುಂಬುವ ಹೊತ್ತಿಗೆ ಯಾರೂ ಉಸಿರೆತ್ತಬಾರದೆಂದು ಕಾಕಾನ ಕಟ್ಟಪ್ಪಣೆ. ಈ ಕ್ಯಾಸೆಟ್ಟು ತುಂಬಿದ ದಿನ ಅವರು ಮೊಣಕಾಲೂರಿ, ಯಂತ್ರವನ್ನು ಎರಡೂ ಕೈಯಲ್ಲಿ ನೈವೇದ್ಯದಂತೆ ಹಿಡಿದಿದ್ದರು. ಕರು ಹಗ್ಗ ಬಿಡಿಸಿಕೊಂಡು ಒಳಗೆ ಬಂದು ಅವರ ಕಿವಿಯನ್ನು ನಿಧಾನವಾಗಿ ನೆಕ್ಕತೊಡಗಿತು. ಬೈಯುವಂತಿಲ್ಲ, ಅಲುಗುವಂತಿಲ್ಲ. ಕಾಕಾ ಋಷಿಯಂತೆ ಕಣ್ಣು ಮುಚ್ಚಿದರು. ನನ್ನ ಕೈಗೆ ಪುಸ್ತಕ ಸಿಗಲಿಲ್ಲ.

ಹೋದ ರವಿವಾರ ದೇವಿಕೊಪ್ಪದಿಂದ ಟೇಲರ್ ಈರಪ್ಪ ಬಂದರು. ನಾನು ಚಹಾ ತಂದಾಗ ಅವರು ಚೀಲದಿಂದ ಒಂದು ಕ್ಯಾಸೆಟ್ಟು ತೆಗೆಯುತ್ತಿದ್ದರು.

“ನಮ್ಮ ಕಾಪಿ ಅಗದಿ ಮಸಕಾಗೇತ್ರಿ ಕಾಕಾ. ನಿಮ್ಮ ಮೂಲದ್ದು ಕೊಡ್ರಿ. ಬದಲಿಗೆ ಮಿಶ್ರಿಕೋಟಿಯವರದು ತಂದೀನಿ. ಅದ ವಾರದ್ದು, ಸ್ವಚ್ಛ ಐತಿ.”

“ಸ್ವಚ್ಛ ಇದ್ರ ನೀನ ಇಟಗೊಳ್ಳಲೇ, ಹುಚ್ಚಪ್ಪ.”

“ಅದರಾಗ ನಗು ಇಲ್ರಿ. ಅಂಗಡ್ಯಾಗ ಹಚ್ಚಿದ್ವಿ, ಒಬ್ಬನೂ ಪಿಟ್ಟ ಅನ್ನಲಿಲ್ಲ. ನಮಗ ಹಿಂದಿ ಎಲ್ಲಿ ತಿಳಿಬೇಕ್ರಿ? ನಿಮ್ಮದರಾಗ ಆ ಗರಗಸದ ಸಪ್ಪಳ ಬಂತಂದ್ರ ಹೊಲಿಗಿ ಮಷಿನ್ ನಿಂದರಸ್ತೇವಿ. ಆ ಹುಡುಗಿ ನಕ್ಕಳಂದ್ರ ನಾವೂ ನಗತೇವಿ.”

ನಾನು ಕಪ್ಪು ಕೆಳಗಿಟ್ಟೆ. ನಾನು ನಕ್ಕದ್ದು ಕಾರ್ಯಕ್ರಮದ ಕೊನೆಯಲ್ಲಿ; ಇಡೀ ಕಾರ್ಯಕ್ರಮದಲ್ಲಿ ಹಾಸ್ಯವಿಲ್ಲದ ಜಾಗ ಅದೊಂದೇ. ಅಲ್ಲಿ ಆ ಇಬ್ಬರು, ದೀಪ ಹಿಡಿದವರ, ಕುರ್ಚಿ ಸರಿಸಿದವರ ಹೆಸರುಗಳನ್ನು ಓದುತ್ತಾರೆ.

“ಯಾರ ನಗೂರಿ ಅದು?” ಈರಪ್ಪ ಕೇಳಿದರು.

ಕಾಕಾ ನನ್ನತ್ತ ನೋಡಲಿಲ್ಲ. “ಬಾಜು ಮನಿಗೆ ಬಂದಿದ್ದ ಬೀಗರ ಹುಡುಗಿ. ಆಮ್ಯಾಲೆ ಬರಲೇ ಇಲ್ಲ.”

“ಬಂದ್ರ ಹೇಳ್ರಿ, ದೇವಿಕೊಪ್ಪದಾಗ ಆಕಿ ಹೆಸರು ದೊಡ್ಡದೈತಿ ಅಂತ.”

“ಹೆಸರ ಗೊತ್ತಿಲ್ಲಲ್ಲೋ ನಿಮಗ.”

ನಮ್ಮದನ್ನು ಮುಂಜಾನೆಯ ಬಸ್ಸಿಗೆ ಕಳಿಸುವುದಾಗಿ ಕಾಕಾ ಹೇಳಿದ ಮೇಲೆ, ಈರಪ್ಪ ತಾವು ತಂದದ್ದನ್ನು ಬಿಟ್ಟು ಹೋದರು. ಕಾಕಾ ಮೆಲ್ಲಗೆ ಅಂದರು: “ಕಳಸ್ತೇನಂತ ಮಾತು ಕೊಟ್ಟೀನಿ. ನಿನ್ನ ನಗು ಬ್ಯಾಡಂದ್ರ ಅಷ್ಟು ಅಳಿಸಿ ಕೊಡವಾ. ನಾ ಏನೂ ಅನ್ನೂದಿಲ್ಲ.”

ಸಂಜೆ ಯಂತ್ರ ಹೊತ್ತು ಮಾಳಿಗೆ ಏರಿ ಕ್ಯಾಸೆಟ್ಟು ಹಚ್ಚಿದೆ. ದೂರದ ಕರಿಹೊಲಗಳ ಮೇಲೆ ಬೆಳಕು ಇನ್ನೂ ಹಳದಿಯಾಗಿತ್ತು, ಎಲ್ಲೋ ಟ್ರ್ಯಾಕ್ಟರೊಂದು ತೂಕಡಿಸುತ್ತ ಮನೆಗೆ ಬರುತ್ತಿತ್ತು. ದನಿ ತುಂಬುವ ಕೆಂಪು ಗುಂಡಿ ಒತ್ತಿ ತುಸು ಹೊತ್ತು ಸುಮ್ಮನಿದ್ದರೆ ಸಾಕು, ಆ ನಗು ಇಲ್ಲವಾಗುತ್ತಿತ್ತು. ಬೆರಳಿಟ್ಟುಕೊಂಡೇ ಕೂತೆ. ಕರು ನೆಕ್ಕಿತು, ಹುಡುಗಿ ನಕ್ಕಳು. ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತು, ಬಾಯಲ್ಲಿ ದಾರ ಕಚ್ಚಿಕೊಂಡವರೆಲ್ಲ ಅವಳಿಗಾಗಿ ಕಾಯುವುದು ಕಂಡಿತು. ಅವಳು ನಾನಲ್ಲವೆನಿಸಿತು. ಒಮ್ಮೆ ಬಂದು, ಮನಸಾರೆ ನಕ್ಕು, ಮತ್ತೆ ಬಾರದೆ ಹೋದ ಬೀಗರ ಹುಡುಗಿಯೇ ಇರಬೇಕು. ಅವಳ ಮೇಲೆ ನನಗೆ ಸಣ್ಣ ಹೊಟ್ಟೆಕಿಚ್ಚಾಯಿತು. ಕ್ಯಾಸೆಟ್ಟು ಮುಗಿದು ಯಂತ್ರ ತಾನಾಗಿ ಟಕ್ ಎಂದು ನಿಂತಾಗಲೂ ಬೆರಳು ಕೆಂಪು ಗುಂಡಿಯ ಮೇಲೇ ಇತ್ತು.

ಮರುದಿನ ಮುಂಜಾನೆ ಕೂದಲ ಪಿನ್ನಿನಿಂದ ಕಾಕಾನ ಪಟ್ಟಿಗಳನ್ನು ಕೆತ್ತಿ ತೆಗೆದೆ, ಇನ್ನು ಆ ಕ್ಯಾಸೆಟ್ಟಿನ ಮೇಲೆ ಯಾರೂ ಏನನ್ನೂ ತುಂಬದಂತೆ. ಬಸ್‌ಸ್ಟ್ಯಾಂಡಿಗೆ ನಾನೇ ಒಯ್ದೆ. “ಭಜನಿ ಏನ್ರಿ ಟೀಚರ?” ಎಂದರು ಕಂಡಕ್ಟರ್. “ಹೌದ್ರಿ,” ಎಂದೆ. ಬಸ್ಸು ತಿರುವು ದಾಟುವವರೆಗೂ ಗಣಿತದ ಮುಖ ಹೊತ್ತು ನಿಂತಿದ್ದೆ. ಆಮೇಲೆ, ಅಕ್ಕಪಕ್ಕ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಸಲ ನಕ್ಕು ನೋಡಿದೆ. ದೇವಿಕೊಪ್ಪಕ್ಕೆ ಹೊರಟ ಆ ಹುಡುಗಿಯಷ್ಟು ಚೆನ್ನಾಗಿ ಬರಲಿಲ್ಲ.