ಟೀಚರಮ್ಮನ ಫೆಲ್ಟ್ ಡಬ್ಬಿ

ತಿರುವಿನಲ್ಲಿ ಬರುತ್ತಿದ್ದ ಲಾರಿಯನ್ನು ನೋಡುವುದು ಬಿಟ್ಟು ಪಕ್ಕದಲ್ಲಿದ್ದ ಡಬ್ಬಿಯನ್ನು ನೋಡಿದ್ದು ಕಾರು ಕಲಿಯುತ್ತಿದ್ದ ಮಹಿಳಾ ಸಂಘದ ಕಾರ್ಯದರ್ಶಿಯಮ್ಮನ ತಪ್ಪು. ಆ ಡಬ್ಬಿ ಮಾಡಿದ್ದು ಯಾರು ಎಂದು ಆಕೆ ಕೇಳಿದಾಗ ಸುಳ್ಳು ಹೇಳಿದ್ದು ಮಾತ್ರ ಬ್ರೇಕ್ ಮಾಸ್ಟರರ ತಪ್ಪು.

ಕಾರು ಕಲಿಸುವುದು ಮಾಸ್ಟರರ ಕಸುಬು. ಆಳು ಬೀರುವಿನಷ್ಟು ಅಗಲ, ಮೀಸೆ ಬೂಟು ಉಜ್ಜುವ ಬ್ರಷ್ಷಿನಷ್ಟು ದಪ್ಪ. ಅವರು ‘ಬ್ರೇಕ್’ ಎಂದು ಗದರಿದರೆ ಪಕ್ಕದ ಬೀದಿಯ ಸೈಕಲ್ಲುಗಳೂ ಗಕ್ಕನೆ ನಿಲ್ಲುತ್ತಿದ್ದವು. ಇಂಥ ಮನುಷ್ಯ ಆರು ವರ್ಷದಿಂದ ಕೋಣೆಯ ಬಾಗಿಲು ಹಾಕಿಕೊಂಡು ಕಂಬಳಿಯಂತೆ ದಪ್ಪಗಿರುವ ಫೆಲ್ಟ್ ಬಟ್ಟೆಯಲ್ಲಿ ಪುಟ್ಟ ಪುಟ್ಟ ಅಲಂಕಾರದ ಡಬ್ಬಿಗಳನ್ನು ಕೈಯಲ್ಲೇ ಹೊಲಿಯುತ್ತಾರೆಂಬುದು ಅವರ ಹೆಂಡತಿಯೊಬ್ಬಳಿಗೆ ಬಿಟ್ಟು ಯಾರಿಗೂ ತಿಳಿದಿರಲಿಲ್ಲ. ದಿನವಿಡೀ ಕಲಿಯುವವರ ಪಕ್ಕದಲ್ಲಿ ಜೀವ ಅಂಗೈಯಲ್ಲಿ ಹಿಡಿದು ಕೂತು ಬಂದವರಿಗೆ, ಅಂಚಿನುದ್ದಕ್ಕೂ ಇರುವೆ ಸಾಲಿನಂತೆ ಬೀಳುವ ಹೊಲಿಗೆ ನೋಡಿದರೆ ಎದೆಬಡಿತ ಹದಕ್ಕೆ ಬರುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಕಾರಿನಲ್ಲಿದ್ದದ್ದು ಅವರ ತಲೆನೋವಿನ ಮಾತ್ರೆಯ ಡಬ್ಬಿ. ನಿಂಬೆಹಣ್ಣಿನ ಗಾತ್ರ, ನೀಲಿ ಮೈ, ಹಳದಿ ದಾರದ ಅಂಚು, ಮುಚ್ಚಳದ ಮೇಲೊಂದು ಮಣಿ. ಲಾರಿ ಕೂದಲೆಳೆಯಲ್ಲಿ ತಪ್ಪಿದ ಮೇಲೆ, ಕಾರ್ಯದರ್ಶಿಯಮ್ಮ ಲಾರಿಯ ವಿಷಯ ಅಲ್ಲಿಗೇ ಬಿಟ್ಟು ಡಬ್ಬಿಯನ್ನು ಕೈಗೆತ್ತಿಕೊಂಡರು. ಈ ಮೀಸೆಗೂ ಆ ಮಣಿಗೂ ಎಲ್ಲಿಂದೆಲ್ಲಿಯ ನಂಟು ಎಂದು ನಕ್ಕಾರೆಂಬ ಅಂಜಿಕೆಗೆ ಮಾಸ್ಟರ್, "ಅದು ನಮ್ಮ ಮನೆಯವಳು ಹೊಲಿದಿದ್ದು" ಎಂದುಬಿಟ್ಟರು.

ಸಂಘದ ವಾರ್ಷಿಕೋತ್ಸವಕ್ಕೆ ಅರವತ್ತು ಜನಕ್ಕೆ ಏನು ಉಡುಗೊರೆ ಕೊಡುವುದೆಂದು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದರಂತೆ ಆಕೆ. ಸಂಜೆ ನಾಲ್ಕಕ್ಕೆ ಸಂಘದವರೆಲ್ಲ ಬಂದು ಮಾಸ್ಟರರ ಹೆಂಡತಿ ಟೀಚರಮ್ಮ ಹೊಲಿಯುವುದನ್ನು ಕಣ್ಣಾರೆ ನೋಡುತ್ತೇವೆಂದು ಕಾರಿನಲ್ಲೇ ತೀರ್ಮಾನಿಸಿದರು. ಮಾಸ್ಟರ್ ಬೇಡವೆನ್ನುವಷ್ಟರಲ್ಲಿ ಕಾರು ಹೂಕುಂಡಗಳ ಅಂಗಡಿಯತ್ತ ಹೊರಟಿದ್ದರಿಂದ ಅವರ ಬಾಯಿಗೆ ಬೇರೆ ಕೆಲಸ ಬಂತು.

ಹೆಂಡತಿ ಹೈಸ್ಕೂಲಿನ ಗಣಿತದ ಟೀಚರು. ಅಂಗಿಯ ಗುಂಡಿ ಕಿತ್ತರೆ ಸ್ಟೇಪ್ಲರ್ ಹೊಡೆದು ಮುಗಿಸುವವಳು. ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದವಳು ಗಂಡನ ಕತೆಯನ್ನು ಪೂರ್ತಿ ಕೇಳಿದಳು.

"ರೀ, ಸೂಜಿಗೆ ಯಾವ ಕಡೆಯಿಂದ ದಾರ ಹಾಕ್ತಾರೆ ಅಂತಾನೂ ನನಗೆ ಗೊತ್ತಿಲ್ಲ. ಹೋಗಿ ನಿಜ ಹೇಳಿ."

"ಹೇಗೆ ಹೇಳಲಿ ಕಣೇ? ನಾಳೆಯಿಂದ ನಾನು ಗದರಿದ್ರೆ ಯಾರು ಹೆದರ್ತಾರೆ?"

ಬೀರುವಿನಂಥ ಗಂಡ ಮುಖ ಸಣ್ಣಗೆ ಮಾಡಿಕೊಂಡಿದ್ದು ನೋಡಿ ಆಕೆಗೆ ಕನಿಕರ ಬಂತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡಳು. ಮಣಿಕಟ್ಟು ಉಳುಕಿದೆ, ಆದ್ದರಿಂದ ಆಕೆ ಬಾಯಲ್ಲಿ ಹೇಳುವುದು, ಅದರಂತೆ ಗಂಡ ಹೊಲಿಯುವುದು. ಹೇಳಬೇಕಾದ್ದನ್ನು ಗಂಡನಿಂದ ಕೇಳಿ ಬಾಯಿಪಾಠ ಮಾಡಿಕೊಂಡಳು. ಗಣಿತದವರಿಗೆ ಎಲ್ಲಕ್ಕೂ ಒಂದು ಸೂತ್ರ ಸಿಗುತ್ತದೆ.

ನಾಲ್ಕಕ್ಕೆ ಹನ್ನೊಂದು ಜನ ಬಂದರು. ಸೋಫಾ ತುಂಬಿತು, ಕುರ್ಚಿಗಳು ತುಂಬಿದವು, ಇಬ್ಬರು ಚಪ್ಪಲಿಯ ಗೂಡಿನ ಮೇಲೆ ಕೂತರು. ಪಕ್ಕದ ಮನೆಯ ಅಜ್ಜಿ ಯಾರೂ ಕರೆಯದಿದ್ದರೂ ತನ್ನ ಸ್ಟೂಲು ತಾನೇ ಹೊತ್ತು ತಂದಿದ್ದರು. ಟೀಚರಮ್ಮ ತರಗತಿಯಲ್ಲಿ ನಿಂತಂತೆ ನಿಂತು, ಮೊದಲು ಚೌಕ ಕತ್ತರಿಸಬೇಕು, ನಾಲ್ಕೂ ಭುಜ ಸಮ ಇರಬೇಕು, ಎರಡು ಚೌಕದ ನಡುವೆ ರಟ್ಟು ಇಡಬೇಕು ಎಂದಳು. ಹನ್ನೊಂದು ಜನವೂ ಬರೆದುಕೊಂಡರು.

ಮಾಸ್ಟರ್ ಬರದವರಂತೆ ನಟಿಸಿ ಮೂರು ಸಲ ದಾರ ತಪ್ಪಿಸಿದರು. ಆಮೇಲೆ ಬೆರಳುಗಳು ಅವರ ಮಾತು ಕೇಳಲಿಲ್ಲ. ಬಾತುಕೋಳಿಯನ್ನು ನೀರಿಗೆ ಬಿಟ್ಟು ಮುಳುಗು ಎಂದರೆ ಮುಳುಗೀತೇ? ಹೊಲಿಗೆ ಸರಸರ ಓಡಿತು, ಗೋಡೆಗೆ ಗೋಡೆ ಕೂಡಿತು. ಅದು ಚಂದವಾದಷ್ಟೂ ಎಲ್ಲರ ಕಣ್ಣು ಟೀಚರಮ್ಮನ ಕಡೆ ತಿರುಗಿತು.

"ಈ ಕೋಣನಿಗೇ ಕಲಿಸಿದಾಳೆ ಅಂದ್ರೆ, ಇವಳು ಕಲ್ಲಿಗೂ ಕಲಿಸ್ತಾಳೆ" ಎಂದರು ಅಜ್ಜಿ.

ಮಾಸ್ಟರ್ ಅದನ್ನೂ ನುಂಗಿಕೊಂಡರು. ಆದರೆ ಹೊಗಳಿಕೆ ತಲೆಗೇರಿದ ಟೀಚರಮ್ಮ, ಮೂಲೆ ಬಂದಾಗ, "ಅಲ್ಲಿ ಹೊಲಿಯೋದೇನೂ ಬೇಡ, ಒಂದು ತೊಟ್ಟು ಅಂಟು ಹಾಕಿಬಿಡಿ" ಎಂದಳು.

ಅಂಟು. ಆರು ವರ್ಷದಲ್ಲಿ ಮಾಸ್ಟರ್ ಒಂದು ಮೂಲೆಗೂ ಅಂಟು ಮುಟ್ಟಿಸಿದವರಲ್ಲ. ಮೂರು ಅಂಚು ಕೂಡುವಲ್ಲಿ ಸೂಜಿ ಎರಡು ಸಲ ಹಾಯಬೇಕು. ಡಬ್ಬಿಯ ಮಾನ ಇರುವುದೇ ಅಲ್ಲಿ. ಅವರು ಸೂಜಿ ಕೆಳಗಿಟ್ಟು ಎದ್ದು ನಿಂತರು.

"ಅಂಟು ಹಾಕಿದ್ರೆ ಅದು ಡಬ್ಬಿನೇ ಅಲ್ಲ. ಇನ್ನು ಮುಚ್ಚಿಡಲ್ಲ. ಇಷ್ಟು ವರ್ಷ ಹೊಲಿದಿದ್ದು ನಾನು. ಇವಳು ಒಂದೇ ಒಂದು ಹೊಲಿಗೆ ಹಾಕಿಲ್ಲ."

ಕೋಣೆಯಿಂದ ಟ್ರಂಕು ತಂದು ಬೋರಲು ಹಾಕಿದರು. ನಲವತ್ತು ಡಬ್ಬಿ ನೆಲದ ಮೇಲೆ ಉರುಳಿದವು: ದುಂಡಗಿನವು, ಆರು ಮೂಲೆಯವು, ಹಣ್ಣಿನ ಆಕಾರದವು. ಎದೆಯ ಮೇಲಿನ ಕಲ್ಲು ಇಳಿದು, ಮಾಸ್ಟರ್ ಕೈ ಕಟ್ಟಿ ನಿಂತರು.

ಕಾರ್ಯದರ್ಶಿಯಮ್ಮ ಒಂದೊಂದೇ ಡಬ್ಬಿ ಎತ್ತಿ ನೋಡಿದರು. ಆಮೇಲೆ ಮಾಸ್ಟರರನ್ನು ನೋಡಿದ ನೋಟಕ್ಕೆ ಹಾಲೂ ಒಡೆಯುವಂತಿತ್ತು.

"ಪಾಪ, ಇಷ್ಟೆಲ್ಲ ಹೊಲಿದೇ ಮೇಡಂ ಕೈ ಉಳುಕಿರೋದು. ಒಂದು ಗಂಟೆ ಕಲಿತು, ಹೆಂಡತಿ ಕೆಲಸಾನೆಲ್ಲ ನಂದು ಅಂತೀರಲ್ಲ ಮಾಸ್ಟರ್, ನಿಮಗೆ ನಾಚಿಕೆ ಆಗಲ್ವಾ?"

ಚಪ್ಪಲಿಯ ಗೂಡಿನ ಮೇಲಿದ್ದವರು ‘ಗಂಡಸರೇ ಹೀಗೆ’ ಎಂದು ಪಿಸುಗುಟ್ಟಿದರು. ಇಂಗು ತಿಂದ ಮಂಗನಂತಾದ ಗಂಡನ ಸ್ಥಿತಿ ನೋಡಲಾರದೆ ಟೀಚರಮ್ಮ, ಅವರು ಹೇಳಿದ್ದು ನಿಜ, ನನಗೆ ಹೊಲಿಗೆಯ ಗಂಧಗಾಳಿಯೂ ಇಲ್ಲ ಎಂದು ಒಪ್ಪಿಕೊಂಡಳು. ಅದರಿಂದ ಆದದ್ದಿಷ್ಟೆ: ಅಜ್ಜಿ ಕಣ್ಣೊರೆಸಿಕೊಂಡು, ಗಂಡನ ಮಾನ ಕಾಯಲು ತನ್ನ ಕಲೆಯನ್ನೇ ಬಿಟ್ಟುಕೊಟ್ಟ ಇಂಥವಳನ್ನು ಎಲ್ಲೂ ಕಂಡಿಲ್ಲವೆಂದರು.

ಕೊನೆಗೆ ಮಾಸ್ಟರಿಗೇ ಉಪಾಯ ಹೊಳೆಯಿತು. ಇವಳ ಎಡಗೈ ನೆಟ್ಟಗೇ ಇದೆಯಲ್ಲ, ಎಲ್ಲರ ಮುಂದೆ ಒಂದು ಡಬ್ಬಿ ಹೊಲಿದು ತೋರಿಸಲಿ, ಬಣ್ಣ ತಾನೇ ಬಯಲಾಗುತ್ತದೆ ಎಂದರು. ಟೀಚರಮ್ಮನಿಗೂ ಅದೇ ಸರಿ ಎನಿಸಿತು. ಅರ್ಧ ಗಂಟೆ ಆಕೆ ಪ್ರಾಮಾಣಿಕವಾಗಿ ಒದ್ದಾಡಿದಳು. ತಯಾರಾದದ್ದಕ್ಕೆ ಮೂರೂವರೆ ಗೋಡೆ ಇದ್ದವು. ಹೊಲಿಗೆ ಗುಡ್ಡ ಹತ್ತಿ ಕಣಿವೆಗೆ ಇಳಿದಿತ್ತು. ಮುಚ್ಚಳ ಡಬ್ಬಿಗೂ, ಡಬ್ಬಿ ಬ್ಯಾಂಡೇಜಿನ ತುದಿಗೂ ಸೇರಿ ಹೊಲಿದುಹೋಗಿತ್ತು. ಲಾರಿ ಹಾಯ್ದ ಬದನೆಕಾಯಿಯಂತೆ ಅದು ಆಕೆಯ ಕೈಯಿಂದ ಜೋತಾಡುತ್ತಿತ್ತು.

ಮಾಸ್ಟರ್ ಮೀಸೆಯಡಿಯಲ್ಲೇ ನಕ್ಕರು. ಇನ್ನು ಯಾರು ಏನು ಹೇಳುತ್ತಾರೆ?

ಕಾರ್ಯದರ್ಶಿಯಮ್ಮ ಕತ್ತರಿಯಿಂದ ಅದನ್ನು ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕೈಕೆಲಸ ಅಂದ್ರೆ ಇದು. ಆ ನಲವತ್ತೂ ಚೆನ್ನಾಗಿವೆ ನಿಜ, ಆದ್ರೆ ಮಿಷಿನ್ನಲ್ಲಿ ಮಾಡಿದ ಹಾಗಿವೆ. ಇದರಲ್ಲಿ ಜೀವ ಇದೆ."

ಡಬ್ಬಿ ಕೈಯಿಂದ ಕೈಗೆ ದಾಟಿತು. ಮುಚ್ಚಳ ತೆರೆಯದೆ ಇರುವುದರಲ್ಲೇ ಏನೋ ಅರ್ಥವಿದೆ ಎಂದು ಒಬ್ಬರು ಹೇಳಿದರು, ಉಳಿದವರು ತಲೆದೂಗಿದರು. ವಾರ್ಷಿಕೋತ್ಸವಕ್ಕೆ ಅರವತ್ತು ಡಬ್ಬಿ, ಎಲ್ಲವೂ ಇದೇ ತರಹ, ಹದಿನೈದು ದಿನದೊಳಗೆ ಎಂದು ಅಲ್ಲೇ ನಿರ್ಧಾರವಾಯಿತು. ಹೊರಡುವಾಗ ಕಾರ್ಯದರ್ಶಿಯಮ್ಮ ಮಾಸ್ಟರರತ್ತ ಬೆರಳು ತೋರಿಸಿ, ಮೇಡಂಗೆ ಮನೆಕೆಲಸವೆಲ್ಲ ನೀವೇ ಮಾಡಿಕೊಡಿ, ಸೂಜಿ ಮಾತ್ರ ಮುಟ್ಟಬೇಡಿ ಎಂದು ತಾಕೀತು ಮಾಡಿದರು.

ಬಾಗಿಲು ಹಾಕಿದ ಮೇಲೆ ಗಂಡ ಹೆಂಡತಿ ಇಬ್ಬರೂ ನೆಲದ ಮೇಲಿನ ಡಬ್ಬಿಗಳನ್ನು ಟ್ರಂಕಿಗೆ ತುಂಬಿದರು. ಅರ್ಧ ಗಂಟೆಯ ಸಾಹಸಕ್ಕೇ ಟೀಚರಮ್ಮನ ಬಲಗೈಯ ಐದೂ ಬೆರಳಿಗೆ ಸೂಜಿ ಚುಚ್ಚಿತ್ತು. ಇನ್ನೊಂದು ಡಬ್ಬಿ ತನ್ನಿಂದಾಗದೆಂದು ಆಕೆ ಖಂಡಿತವಾಗಿ ಹೇಳಿದಳು. ಮಾಸ್ಟರ್ ನಿಟ್ಟುಸಿರಿಟ್ಟು, ಕಿಟಕಿಯ ಪರದೆ ಎಳೆದು, ಬದನೆಕಾಯಿ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಸೂಜಿ ಹಿಡಿದರು. ಕಣ್ಣು ಅರೆಮುಚ್ಚಿ ಹೊಲಿದರು, ಬೇರೆ ಕಡೆ ನೋಡುತ್ತಾ ಹೊಲಿದರು, ಎಡಗೈಯಲ್ಲೂ ಹೊಲಿದರು. ಏನು ಮಾಡಿದರೂ ಹೊಲಿಗೆ ಇರುವೆ ಸಾಲಿನಂತೆಯೇ ಬಿತ್ತು.

ಟೀಚರಮ್ಮ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಮತ್ತೆ ನೇರ ಬಂತು ರೀ. ಬಿಚ್ಚಿ, ಮೊದಲಿಂದ ಹೊಲೀರಿ."