ಹೊಗೆಯ ಸಾಲ ತೀರಿಸಿದ ಬಗೆ

ಮನೆ ಮುಂದೆ ನಿಂತಿರುವ ನಮ್ಮ ಹೊಸ ಎಲೆಕ್ಟ್ರಿಕ್ ಕಾರು ನಿಜಕ್ಕೂ ಡೀಸೆಲ್ ಕಾರಿಗಿಂತ ಶುದ್ಧವೇ ಎಂಬ ಚಿಂತೆ ನನ್ನನ್ನು ಬಿಟ್ಟೂಬಿಡದೆ ಕಾಡುತ್ತಿತ್ತು. ಕೊಳ್ಳಲೇಬೇಕೆಂದು ಹಟ ಹಿಡಿದವಳೂ ನಾನೇ. ಮಗಳು ಪುಟ್ಟಿಯ ಎಳೆಯ ಎದೆಗೂಡಿಗೆ ಹಳೆಯ ಕಾರಿನ ಹೊಗೆ ಸೋಕಬಾರದೆಂದು ಇವರ ತಲೆ ತಿಂದು, ತಿನ್ನಲು ಇನ್ನೇನೂ ಉಳಿಯದಿದ್ದಾಗ ಹೊಸದು ಬಂತು. (ಹಳೆಯದನ್ನು ಕೊಳ್ಳುವ ಪುಣ್ಯಾತ್ಮರು ಸಿಗದೆ ಅದೂ ಮನೆಯಲ್ಲೇ ಉಳಿಯಿತು.)

ಮೊದಲ ದಿನ ಪ್ಲಗ್ ಚುಚ್ಚುವಾಗಲೇ ನನ್ನ ಕೈ ತಡೆಯಿತು. ಈ ಕರೆಂಟು ಬರುವುದೆಲ್ಲಿಂದ? ಎಲ್ಲೋ ಕಲ್ಲಿದ್ದಲು ಸುಡುತ್ತಾರೆ. ಅಲ್ಲೂ ಯಾರದೋ ಮಗು ಉಸಿರಾಡುತ್ತಿರುತ್ತದಲ್ಲ! ನಾನು ಹೊಗೆಯನ್ನು ತಪ್ಪಿಸಿದೆನೋ, ಇನ್ನೊಬ್ಬ ತಾಯಿಯ ಕಿಟಕಿಗೆ ಸಾಗಿಸಿದೆನೋ?

"ಎಲ್ಲಾ ಸೇರಿಸಿ ನೋಡಿದ್ರೂ ಡೀಸೆಲ್‌ಗಿಂತ ಕಡಿಮೆನೇ ಅಂತೆ ಕಣೇ," ಎಂದರು ಇವರು. "ನೆಮ್ಮದಿಯಾಗಿ ಊಟ ಮಾಡು."

ನೆಮ್ಮದಿ ನನ್ನ ಜಾತಕದಲ್ಲಿಲ್ಲ. ನಾನೇ ಓದಿ ನೋಡಿದೆ. ಓದಬಾರದಿತ್ತು. ಬ್ಯಾಟರಿ ತಯಾರಿಸುವಾಗಲೇ ಬೇಕಾದಷ್ಟು ಹೊಗೆ ಆಗಿಹೋಗಿರುತ್ತದಂತೆ. ಅಂದರೆ ಈ ಕಾರು ಹೊಗೆಯ ಸಾಲ ಹೊತ್ತೇ ಹುಟ್ಟುತ್ತದೆ. ಸಾವಿರಾರು ಕಿಲೋಮೀಟರ್ ಓಡಿದ ಮೇಲೆಯೇ ಆ ಸಾಲ ತೀರುವುದು.

ಓಡಬೇಕು ತಾನೆ? ಓಡಿಸೋಣ! ಅಂದಿನಿಂದ ನಮ್ಮ ಮನೆಯಲ್ಲಿ ಋಣವಿಮೋಚನಾ ಮಹಾಭಿಯಾನ ಆರಂಭವಾಯಿತು.

"ನೀವು ಹಳೇ ಕಾರಲ್ಲೇ ಕೆಲಸಕ್ಕೆ ಹೋಗಿ. ಹೊಸದು ನನಗಿರಲಿ," ಎಂದೆ.

"ಫ್ಯಾಕ್ಟರಿ ಊರಾಚೆ ಇದೆ ಕಣೇ. ನೀನು ಹೋಗೋದಾದ್ರೂ ಎಲ್ಲಿಗೆ?"

"ನಿಮ್ಮ ಕೈಗೆ ಕೊಟ್ರೆ ಸಂಜೆ ತನಕ ಫ್ಯಾಕ್ಟರಿ ಗೇಟಲ್ಲಿ ಸುಮ್ನೆ ನಿಂತಿರುತ್ತೆ. ನನ್ನ ಹತ್ರ ಇದ್ರೆ ದಿನವಿಡೀ ಓಡುತ್ತೆ."

ಇವರು ಏನೋ ಹೇಳಲು ಬಾಯಿ ತೆರೆದು, ಸಂಸಾರದ ಹಿತದೃಷ್ಟಿಯಿಂದ ಮುಚ್ಚಿಕೊಂಡರು.

ಒಂದು ನಿಂಬೆಹಣ್ಣಿಗೂ ಕಾರು, ದರ್ಜಿ ಹಾಕದೆ ಬಿಟ್ಟ ಅಂಗಿಯ ಗುಂಡಿಗೂ ಕಾರು. ಎದುರು ಸಾಲಿನ ಅಂಗಡಿಗೆ ಹೋಗಲು ಇಡೀ ಬಡಾವಣೆ ಸುತ್ತಿ ಬರುತ್ತಿದ್ದೆ. ಮೀಟರಿನ ಅಂಕಿ ಏರಿದಂತೆಲ್ಲ ಮನಸ್ಸು ಹಗುರಾಗುತ್ತಿತ್ತು.

ಪುಟ್ಟಿಯ ಶಿಶುವಿಹಾರ ಮೂರು ಬೀದಿಯಾಚೆ. ದಿನವೂ ಅವಳ ಕೈಹಿಡಿದು ನಡೆಸಿಕೊಂಡು ಹೋಗುತ್ತಿದ್ದವರು ನನ್ನ ಮಾವ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಇರುವೆ ಸಾಲು ಕಂಡರೆ ಇಬ್ಬರೂ ಕೂತುಬಿಡುವರು. ಗೋಡೆಯ ಬಿರುಕಿನಲ್ಲಿ ಒಂಟೆಯ ಚಿತ್ರ ಹುಡುಕುವರು.

"ಇನ್ಮೇಲೆ ನಿಮಗೆ ತೊಂದರೆ ಬೇಡ ಮಾವ, ನಾನೇ ಕಾರಲ್ಲಿ ಬಿಡ್ತೀನಿ."

"ತೊಂದರೆ ಅಂತ ನಾನ್ಯಾವಾಗ ಅಂದೆನಮ್ಮ?"

"ಕಾರ್ ಓಡಬೇಕಲ್ಲ ಮಾವ."

ಅವರು ಚಪ್ಪಲಿಯನ್ನು ಗೂಡಿನೊಳಗಿಟ್ಟರು. ಅದೇ ವಾರ, "ಇಲ್ಲಿ ನನಗೇನು ಕೆಲಸ," ಎಂದು ಬೇರೆ ಊರಿನಲ್ಲಿರುವ ಮಗಳ ಮನೆಗೆ ಹೊರಟೇಹೋದರು. ತಡೆಯಬೇಕೆನ್ನಿಸಿತು. (ಬದಲಿಗೆ ಬಸ್ ನಿಲ್ದಾಣದವರೆಗೆ ಕಾರಲ್ಲಿ ಬಿಟ್ಟುಬಂದೆ. ಅದೂ ಸುತ್ತುದಾರಿಯಲ್ಲಿ.)

ಆಮೇಲೆ ಪುಟ್ಟಿ ಮಂಕಾದಳು. ಮೊದಲು ದಾರಿಯ ಸುದ್ದಿ ಹೇಳಿ ಮುಗಿಯುತ್ತಿರಲಿಲ್ಲ. ಈಗ ಹಿಂದಿನ ಸೀಟಿನಲ್ಲಿ ಬೆಲ್ಟ್ ಬಿಗಿದುಕೊಂಡು ಸುಮ್ಮನೆ ಕೂರುತ್ತಿದ್ದಳು. ನಿನ್ನೆ ಸಂಜೆ ಮನೆ ಮುಂದೆ ಕಾರು ನಿಲ್ಲಿಸಿದಾಗ ಕೇಳಿದಳು:

"ತಾತ ಯಾವಾಗ ಬರ್ತಾರೆ?"

"ಬರ್ತಾರೆ ಪುಟ್ಟಿ. ಮೊದಲು ಈ ಕಾರು ಹೊಗೆ ಸಾಲ ತೀರಿಸ್ಬೇಕು."

"ನಾನು ತಾತ ನಡ್ಕೊಂಡು ಹೋಗುವಾಗ ಎಷ್ಟು ಹೊಗೆ ಬರ್ತಿತ್ತಮ್ಮ?"

ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಊರಾಚೆಯಿಂದ ಇವರು ಬಂದರು, ಗಡಗಡ ಸದ್ದು ಮಾಡುತ್ತ, ಡೀಸೆಲ್ ಕಾರಿನಲ್ಲಿ. ಅದರ ಹೊಗೆ ನೇರವಾಗಿ ನನ್ನ ಮುಖಕ್ಕೇ ಬಡಿಯಿತು.

ಡೀಸೆಲ್ ಓಡುವ ದಾರಿಯಲ್ಲಿ ಅದರ ಬದಲು ಹೊಸ ಕಾರು ಓಡಿದರೆ ತಾನೆ ಸಾಲ ತೀರುವುದು? ಕಾಲು ನಡೆಯುವ ದಾರಿಯಲ್ಲಿ ಓಡಿಸಿ ಸಾಲದ ಮೇಲೆ ಸಾಲ ಏರಿಸಿದ್ದೆ. ಅದರ ಜೊತೆಗೆ ಒಬ್ಬ ತಾತನನ್ನೂ ಕಳೆದಿದ್ದೆ.

"ಹೊಸದನ್ನ ನೀವು ಫ್ಯಾಕ್ಟರಿಗೆ ಓಡಿಸಿದ್ರೆ ಮಾತ್ರ ಸಾಲ ತೀರೋದು ಅಂತ ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಇವರನ್ನು ಕೇಳಿದೆ.

"ಗೊತ್ತಿತ್ತು."

"ಮತ್ತೆ ಹೇಳೋದಲ್ವಾ?"

"ಹೇಳಿದ್ರೆ ನೀನು ಇನ್ನೇನಾದ್ರೂ ಓದ್ತಿದ್ದೆ."

ರಾತ್ರಿ ಊಟವಾದ ಮೇಲೆ ಫೋನ್ ಕೈಗೆತ್ತಿಕೊಂಡೆ, ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ಕೊನೆಗೂ ಮಾಡಿಯೇಬಿಟ್ಟೆ.

"ಮಾವ, ನಾಳೆಯಿಂದ ಪುಟ್ಟಿನ ನೀವೇ ಕರ್ಕೊಂಡು ಹೋಗ್ಬೇಕು."

"ಯಾಕಮ್ಮ, ಕಾರ್ ಕೆಟ್ಟೋಯ್ತಾ?"

"ಇಲ್ಲ ಮಾವ. ನನ್ನ ಲೆಕ್ಕ ತಪ್ಪಿತ್ತು. ನೀವಿಲ್ಲದೆ ಆಗ್ತಿಲ್ಲ."

ಆ ಕಡೆ ಚಪ್ಪಲಿ ಮೆಟ್ಟುವ ಸದ್ದು ಕೇಳಿಸಿತು.

"ಈಗಲೇ ಹೊರಟುಬಿಡ್ತೀನಿ. ಆದ್ರೆ ಇಷ್ಟು ಹೊತ್ತಿಗೆ ಬಸ್ಸಿಲ್ಲ. ನಿನ್ನ ಹೊಸ ಕಾರ್ ತಗೊಂಡು ಬಾಮ್ಮ, ದೂರದ ದಾರಿ. ಅದಕ್ಕೂ ಒಂದು ಕೆಲಸ ಆಗುತ್ತೆ."

ಕಿಟಕಿಯಿಂದ ಇಣುಕಿ ನೋಡಿದೆ. ಬೆಳಗಿನಿಂದ ಊರೆಲ್ಲ ಸುತ್ತಿಸಿ ಚಾರ್ಜ್ ಪೂರ್ತಿ ಖಾಲಿ ಮಾಡಿಟ್ಟಿದ್ದೆ, ಪ್ಲಗ್ ಚುಚ್ಚುವುದನ್ನೂ ಮರೆತಿದ್ದೆ.

"ಬರ್ತೀನಿ ಮಾವ," ಎಂದೆ ಸಣ್ಣ ದನಿಯಲ್ಲಿ. "ಆದ್ರೆ... ಡೀಸೆಲ್ ಕಾರಲ್ಲಿ."