ಕೈಕೊಟ್ಟ ಹೆಬ್ಬೆಟ್ಟು

ಗುದ್ದಲಿಯಣ್ಣನ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ. ಎಲ್ಲ ರಗಳೆಗೂ ಅದೇ ಮೂಲ.

ಹೊಸ ಪಂಪಿಗೆಂದು ಸರ್ಕಾರ ರೈತರಿಗೆ ಸಹಾಯಧನ ಕೊಡುತ್ತಿತ್ತು. ಕಚೇರಿಗೆ ಬಂದು ಹೆಬ್ಬೆಟ್ಟು ಒತ್ತಿದರೆ ಸಾಕು, ದುಡ್ಡು ಖಾತೆಗೆ. ಅಂದೇ ಕೊನೆಯ ದಿನ. ಗುದ್ದಲಿಯಣ್ಣ ಒತ್ತಿದ. ಯಂತ್ರ ಕೆಂಪಗೆ ಕಣ್ಣು ಬಿಟ್ಟು ‘ಗುರುತು ಸಿಗಲಿಲ್ಲ’ ಎಂದಿತು. ಉಳಿದ ಬೆರಳುಗಳನ್ನೂ ಒತ್ತಿ ನೋಡಿದ. ಹುಟ್ಟುವಾಗ ದೇವರು ಅಕ್ಕರೆಯಿಂದ ಎಳೆದು ಕಳಿಸಿದ್ದ ಗೆರೆಗಳನ್ನೆಲ್ಲ ಗುದ್ದಲಿಯ ಕಾವು ತಿಂದುಹಾಕಿತ್ತು.

“ಯಜಮಾನ್ರೇ, ಬೆರಳಲ್ಲಿ ಗೆರೇನೇ ಇಲ್ವಲ್ರೀ! ಬೋಳುತಲೆ ಇದ್ದ ಹಾಗಿದೆ,” ಎಂದಳು ಯಂತ್ರದ ಮುಂದೆ ಕೂತಿದ್ದ ಗುಮಾಸ್ತೆ. “ಮೆತ್ತಗೆ ಮಾಡ್ಕೊಂಡು ಸಾಯಂಕಾಲದೊಳಗೆ ಬನ್ನಿ.”

ಗುದ್ದಲಿಯಣ್ಣನಿಗೆ ಬೆಳಿಗ್ಗೆ ಹೆಂಡತಿ ಹೇಳಿದ ಮಾತು ನೆನಪಾಯಿತು. “ಪಂಪು ಕೆಟ್ಟಾಗಿಂದ ನೀರು ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಗಿದೆ. ಇವತ್ತು ಬರಿಗೈಲಿ ಬಂದ್ರೆ ನಾಳೆಯಿಂದ ಕೊಡ ನಿಮ್ಮ ಹೆಗಲಿಗೆ!”

ದಾರಿಯಲ್ಲೇ ಕ್ಷೌರದಂಗಡಿಯವನು ಸಂಗತಿ ಕೇಳಿ ಹಿಡಿದು ಕೂರಿಸಿದ. “ಎಂಥೆಂಥ ಗಡ್ಡಾನೇ ಮಣಿಸಿದೀನಿ ಅಣ್ಣ, ಬೆರಳು ಯಾವ ಲೆಕ್ಕ?” ಬಿಸಿನೀರಲ್ಲಿ ನೆನೆಸಿ, ಒರಟುಕಲ್ಲಿನಿಂದ ಉಜ್ಜಿದ. ಹುರುಪು ಹೆಚ್ಚಾಗಿ ಅಂಗೈಯನ್ನೂ ಬಿಡಲಿಲ್ಲ. ಎದುರುಮನೆಯ ನಿವೃತ್ತ ಮೇಷ್ಟ್ರು ಓಡಿಬಂದು ನಿಂಬೆಹಣ್ಣು ಹಿಂಡಿದರು. ಸಾಲದೆಂದು ತಮ್ಮ ಹೆಂಡತಿಯ ಗುಲಾಬಿ ಕ್ರೀಮನ್ನು ಡಬ್ಬಿಯ ತಳ ಕಾಣುವವರೆಗೆ ಬಳಿದರು. ಮೇಲೆ ಎರಡೂ ಕೈಗೆ ಕಾಲುಚೀಲ ತೊಡಿಸಿದರು.

“ಇನ್ನು ಏನನ್ನೂ ಮುಟ್ಟೋ ಹಾಗಿಲ್ಲ.”

“ಮೂಗು ಕೆರೀತಿದೆ ಮೇಷ್ಟ್ರೇ.”

“ಕೆರೀಲಿ. ಪಂಪು ಬೇಕೋ ಮೂಗು ಬೇಕೋ?”

ಕೊನೆಗೆ ಕ್ಷೌರದಂಗಡಿಯವನೇ ಕನಿಕರಪಟ್ಟು ಬಾಚಣಿಗೆಯಿಂದ ಕೆರೆದ.

ಕೈಗಳನ್ನು ಮೇಲೆತ್ತಿಕೊಂಡು, ಪೊಲೀಸರಿಗೆ ಶರಣಾದ ಕಳ್ಳನ ಹಾಗೆ ಗುದ್ದಲಿಯಣ್ಣ ಕಚೇರಿಗೆ ಹೊರಟ. ಅಷ್ಟರಲ್ಲಿ ಎದುರಿನಿಂದ ಅವನ ಹಸುವೇ ಓಡಿಬಂತು. ಹಿಂದೆ ಹಗ್ಗಕ್ಕೆ ಜೋತುಬಿದ್ದ ಹೆಂಡತಿ.

“ರೀ, ಹಿಡೀರಿ!”

“ಕೈ ಖಾಲಿ ಇಲ್ಲ ಕಣೇ!”

ಹಸುವಿಗೆ ಗುಲಾಬಿಯ ವಾಸನೆ ಹತ್ತಿತು. ಗುದ್ದಲಿಯಣ್ಣ ಓಡಿದ, ಹಸು ಅಟ್ಟಿಸಿಕೊಂಡು ಬಂತು, ಹೆಂಡತಿ ಹಗ್ಗ ಬಿಡಲಿಲ್ಲ. ಮೂವರೂ ಒಂದೇ ಉಸಿರಿಗೆ ಕಚೇರಿಯ ಬಾಗಿಲಲ್ಲಿದ್ದರು.

ಕಾಲುಚೀಲ ಕಳಚಿ, ಮನಸ್ಸಿನಲ್ಲೇ ದೇವರನ್ನು ನೆನೆದು ಹೆಬ್ಬೆಟ್ಟು ಒತ್ತಿದ. ಹಸಿರು ದೀಪ! ಗುಮಾಸ್ತೆ ಚಪ್ಪಾಳೆ ತಟ್ಟಿದಳು.

ಒಳಗಿನಿಂದ ಅಧಿಕಾರಿ ಬಂದರು. “ತಾಳಿ, ತಾಳಿ. ನಕಲಿ ರೈತರ ಕಾಟ ಹೆಚ್ಚಾಗಿದೆ. ಅಂಗೈ ನೋಡೇ ದುಡ್ಡು ಬಿಡಬೇಕು ಅಂತ ಮಧ್ಯಾಹ್ನ ಮೇಲಿಂದ ಹೇಳಿದಾರೆ.” ಅವನ ಕೈ ಹಿಡಿದು ಒತ್ತಿದರು, ಮೂಸಿದರು. “ಇದು ಗುದ್ದಲಿ ಹಿಡಿದ ಕೈಯಾ?”

“ಸ್ವಾಮಿ, ನಾನು ಹುಟ್ಟಾ ರೈತ!”

“ಯಾವ ಹೊಲದಲ್ರೀ ಗುಲಾಬಿ ಕ್ರೀಮು ಬೆಳೀತಾರೆ?”

ಆಗ ಅವರ ಕಣ್ಣು ಹಗ್ಗ ಹಿಡಿದು ಏದುಸಿರು ಬಿಡುತ್ತಿದ್ದ ಹೆಂಡತಿಯ ಕೈಮೇಲೆ ಬಿತ್ತು. ಬಿರುಕು, ಜಡ್ಡು, ಮಣ್ಣು.

“ನೋಡ್ರಪ್ಪ, ಇದು ರೈತರ ಕೈ! ಕಾಗದದಲ್ಲಿ ಹೊಲ ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಇದೆಯಲ್ಲ? ದುಡ್ಡು ನಿಮಗೇ ತಾಯಿ. ಬನ್ನಿ, ಹೆಬ್ಬೆಟ್ಟು ಒತ್ತಿ.”

ಅವಳು ಗೆದ್ದ ಮುಖದಲ್ಲಿ ಗಂಡನತ್ತ ಒಮ್ಮೆ ನೋಡಿ, ಬೆರಳೊರೆಸಿಕೊಂಡು ಒತ್ತಿದಳು.

ಯಂತ್ರ ಕೆಂಪಗೆ ಕಣ್ಣು ಬಿಟ್ಟಿತು.

ಗುದ್ದಲಿಯಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. ಕೈ ಮಾತ್ರ ಹೂವಿನಷ್ಟು ಮೆತ್ತಗಿತ್ತು.